ಮೂಳೆಯ ಹಾಗಿದ್ದ ತೋಳು ಯಾಕೆ ಮುರಿಯಿತು?

ಓದುಗರ ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ತಂಡದ ಪ್ರಾಜೆಕ್ಟ್ ನಾಲ್ಕು ಮೋಟಾರಿನ ಡ್ರೋನ್. ಅದರ ತೋಳುಗಳನ್ನು ಟಾಪಾಲಜಿ ಆಪ್ಟಿಮೈಸೇಶನ್ (ಭಾರ ಹೊರಲು ಬೇಡದ ವಸ್ತುವನ್ನು ತೆಗೆದು ಆಕಾರ ಕೊಡುವ) ಸಾಫ್ಟ್‌ವೇರಿನಲ್ಲಿ ಡಿಸೈನ್ ಮಾಡಿದೆವು. ಬಂದ ಆಕಾರ ಥೇಟ್ ಮೂಳೆಯ ಒಳಗಿನ ಜಾಲದ ಹಾಗಿತ್ತು, ತೂಕ ಅರ್ಧಕ್ಕೆ ಇಳಿಯಿತು. ನಮ್ಮ ಗೈಡ್ ತುಂಬಾ ಖುಷಿಯಾಗಿ 'ಕೋಟ್ಯಂತರ ವರ್ಷ ಪ್ರಕೃತಿ ತಿದ್ದಿದ ಡಿಸೈನ್ ಇದು, ಇದಕ್ಕಿಂತ ಒಳ್ಳೆಯದು ಇರಲ್ಲ' ಅಂದರು. ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿ ಹಾರಿಸಿದೆವು. ಮೊದಮೊದಲು ಚೆನ್ನಾಗೇ ಹಾರಿತು. ಕೆಲವು ವಾರಗಳಲ್ಲಿ ಎರಡು ತೋಳುಗಳು ಬುಡದಲ್ಲೇ ಮುರಿದವು. ಒಂದು ಇಳಿಯುವಾಗ, ಇನ್ನೊಂದು ಹಾರುತ್ತಿರುವಾಗಲೇ. ಈಗ ತಂಡದಲ್ಲಿ ಒಬ್ಬ 'ಪ್ರಕೃತಿಯ ಡಿಸೈನ್ ಅನ್ನೋದೆಲ್ಲ ಬರೀ ಕಥೆ' ಅನ್ನುತ್ತಾನೆ. ಜೀವಿಗಳಿಗೂ ಯಂತ್ರಗಳಿಗೂ ನಿಜವಾಗಿ ಒಂದೇ ಸೂತ್ರಗಳು ಇವೆಯಾ ಸರ್? ಇದ್ದರೆ ನಮ್ಮದು ಯಾಕೆ ಮುರಿಯಿತು? ಈಗ ಏನು ಮಾಡಬೇಕು?

ಉತ್ತರ:

ಮೊದಲು ಒಂದು ಮಾತು, ಉಳಿದದ್ದು ಆಮೇಲೆ. ಹೊಸ ತೋಳು ಹಾಕಿ ಪರೀಕ್ಷೆ ಮುಗಿಸುವ ತನಕ ಆ ಡ್ರೋನನ್ನು ಯಾರ ತಲೆಯ ಮೇಲೂ ಹಾರಿಸಬೇಡಿ. ನಾಲ್ಕು ಮೋಟಾರಿನ ಡ್ರೋನಿಗೆ ಒಂದು ತೋಳು ಹೋದರೆ ಸಾಮಾನ್ಯವಾಗಿ ಅದು ಸೀದಾ ಕೆಳಗೆ ಬೀಳುತ್ತದೆ.

ನಿಮ್ಮನ್ನು ಕಾಡುತ್ತಿರುವುದು ಬರೀ ಮುರಿದ ತೋಳಲ್ಲ ಅನ್ನಿಸುತ್ತದೆ. ನಂಬಿಕೊಂಡ ವಿಚಾರವೇ ಕೈಕೊಟ್ಟಿತಾ ಅನ್ನುವ ಅನುಮಾನವೂ ಇದೆ, ಅಲ್ವಾ? ಮುರಿದ ಯಂತ್ರಭಾಗಗಳನ್ನು ನೋಡಿ ಕಾರಣ ಹುಡುಕುವುದು ನನ್ನ ಕೆಲಸ, ಹಾಗಾಗಿ ನೇರವಾಗಿ ಹೇಳುತ್ತೇನೆ. ಜೀವಿಗಳಿಗೂ ಯಂತ್ರಗಳಿಗೂ ಒಂದೇ ಸೂತ್ರಗಳು ಇರುವುದು ನಿಜ. ಪ್ರಕೃತಿಯದ್ದಕ್ಕಿಂತ ಒಳ್ಳೆಯ ಡಿಸೈನ್ ಇರಲ್ಲ ಅನ್ನುವುದು ನಿಜವಲ್ಲ. ಮೊದಲನೆಯದನ್ನು ನಂಬಿದ ಮಾತ್ರಕ್ಕೆ ಎರಡನೆಯದನ್ನೂ ನಂಬಬೇಕಾಗಿಲ್ಲ.

ಸೂತ್ರ ಅಂದರೆ ಏನು ಅನ್ನುವುದನ್ನು ಒಂದು ಚಿಕ್ಕ ಲೆಕ್ಕದಲ್ಲಿ ನೋಡೋಣ. 20 ಮಿಲಿಮೀಟರ್ ದಪ್ಪದ ಒಂದು ಗಟ್ಟಿ ಸರಳು ತೆಗೆದುಕೊಳ್ಳಿ. ಅದೇ ವಸ್ತು, ಅದೇ ತೂಕ, ಅದೇ ಉದ್ದ ಇಟ್ಟುಕೊಂಡು 40 ಮಿಲಿಮೀಟರ್ ಹೊರ ಅಳತೆಯ ಕೊಳವೆ ಮಾಡಿ. ಗೋಡೆ ಸುಮಾರು 2.7 ಮಿಲಿಮೀಟರ್ ದಪ್ಪ ಬರುತ್ತದೆ. ಈ ಕೊಳವೆಯನ್ನು ಬಾಗಿಸುವುದು ಸರಳನ್ನು ಬಾಗಿಸುವುದಕ್ಕಿಂತ 7 ಪಟ್ಟು ಕಷ್ಟ. ಮುರಿಯುವ ತನಕ ತಡೆಯುವ ಭಾರ 3.5 ಪಟ್ಟು ಜಾಸ್ತಿ. ಒಂದು ಗ್ರಾಂ ಕೂಡ ಸೇರಿಸದೆ! ಕಾರಣ ಸರಳ. ಬಾಗುವಾಗ ಒಂದು ಬದಿ ಹಿಗ್ಗುತ್ತದೆ, ಎದುರು ಬದಿ ಕುಗ್ಗುತ್ತದೆ, ನಡುವಿನ ವಸ್ತು ಹೆಚ್ಚುಕಡಿಮೆ ಸುಮ್ನೆ ಇರುತ್ತದೆ. ಹಾಗೆ ಸುಮ್ನೆ ಇರುವುದನ್ನು ತೆಗೆದು, ದುಡಿಯುವ ಜಾಗಕ್ಕೆ ಹಾಕಿದ್ದೇವೆ ಅಷ್ಟೆ.

ತೊಡೆಮೂಳೆಯ ನಡುಭಾಗ, ಹಕ್ಕಿಯ ಗರಿಯ ದಂಟು, ಹುಲ್ಲಿನ ಕಾಂಡ, ಸೈಕಲ್ ಫ್ರೇಮ್, ಇವೆಲ್ಲ ಕೊಳವೆಗಳಾಗಿರುವುದು ಇದೇ ಕಾರಣಕ್ಕೆ. ಇವು ಒಂದನ್ನೊಂದು ನೋಡಿ ಕಲಿತದ್ದಲ್ಲ. ಬಾಗುವ ಬಲ ಎಲ್ಲ ಕಡೆಯೂ ಒಂದೇ ರೀತಿ ಕೆಲಸ ಮಾಡುತ್ತದೆ, ವಸ್ತುವಿಗೆ ಎಲ್ಲ ಕಡೆಯೂ ಬೆಲೆ ಇದೆ, ಹಾಗಾಗಿ ಉತ್ತರವೂ ಒಂದೇ ಬಂತು. ಅಡ್ಡಪರಿಣಾಮವೂ ಒಂದೇ, ಅದನ್ನು ಗಮನಿಸಿ. ಗೋಡೆ ತೀರಾ ತೆಳುವಾದರೆ ಕೊಳವೆ ಬಾಗುವ ಬದಲು ಒಂದು ಕಡೆ ನಜ್ಜಿ ಮಡಚಿಕೊಳ್ಳುತ್ತದೆ. ಅದಕ್ಕೇ ಬಿದಿರಿಗೆ ಗಿಣ್ಣುಗಳು, ಗರಿಯ ದಂಟಿನೊಳಗೆ ನೊರೆಯಂಥ ತುಂಬು, ವಿಮಾನದ ಒಡಲಿನೊಳಗೆ ಸಾಲಾಗಿ ಬಳೆಗಳು.

ಇಂಥವು ಇನ್ನೂ ಇವೆ. ಮೀನಿನ ಕಿವಿರಿನಲ್ಲಿ ರಕ್ತ ಮತ್ತು ನೀರು ಎದುರುಬದುರು ಹರಿಯುತ್ತವೆ, ಒಂದು ಹರಿವಿನಿಂದ ಇನ್ನೊಂದಕ್ಕೆ ಬಿಸಿ ದಾಟಿಸುವ ಒಳ್ಳೆಯ ಹೀಟ್ ಎಕ್ಸ್‌ಚೇಂಜರಿನಲ್ಲೂ ಹಾಗೇ. ಎರಡು ಸಮ ಹರಿವುಗಳು ಒಂದೇ ದಿಕ್ಕಿಗೆ ಹೋದರೆ ಬಿಸಿಯನ್ನು ಅರ್ಧದಷ್ಟು ಮಾತ್ರ ದಾಟಿಸಬಹುದು, ಎದುರುಬದುರು ಹರಿದರೆ ಪೂರ್ತಿಯ ಹತ್ತಿರ ಹೋಗಬಹುದು. ಆದರೆ ನಿಮ್ಮ ಸಮಸ್ಯೆಗೆ ಹತ್ತಿರದ್ದು ಒಂದು ಕೀಟ. ಅದನ್ನು ಸ್ವಲ್ಪ ಹತ್ತಿರದಿಂದಲೇ ನೋಡೋಣ.

ಇಸಸ್ ಅಂತ ಒಂದು ಕುಪ್ಪಳಿಸುವ ಪುಟ್ಟ ಕೀಟ ಇದೆ. ಅದರ ಮರಿಯ ಎರಡು ಹಿಂಗಾಲುಗಳ ಬುಡದಲ್ಲಿ ನಿಜವಾದ ಗೇರ್‌ಗಳಿವೆ. ಸುಮಾರು ಹತ್ತು-ಹನ್ನೆರಡು ಹಲ್ಲಿನ ಎರಡು ಪಟ್ಟಿಗಳು ಒಂದರೊಳಗೊಂದು ಕೂತು ತಿರುಗುತ್ತವೆ. ಇದರಿಂದ ಎರಡೂ ಕಾಲು 30 ಮೈಕ್ರೋಸೆಕೆಂಡಿನ ಅಂತರದೊಳಗೆ ಒಟ್ಟಿಗೆ ಒದೆಯುತ್ತವೆ. ಕಾಲುಗಳು ಹಿಂದುಮುಂದಾದರೆ ಕೀಟ ನೆಗೆಯುವ ಬದಲು ಗಿರಗಿರ ತಿರುಗಿಬಿಡುತ್ತದೆ, ನರದ ಸಂದೇಶಕ್ಕೆ ಅಷ್ಟು ವೇಗ ಇಲ್ಲ, ಹಾಗಾಗಿ ಕೆಲಸವನ್ನು ಹಲ್ಲುಗಳಿಗೇ ಬಿಟ್ಟಿದೆ. ಕೇಂಬ್ರಿಜ್‌ನ ಮಾಲ್ಕಮ್ ಬರೋಸ್ ಮತ್ತು ಗ್ರೆಗರಿ ಸಟನ್ 2013ರಲ್ಲಿ ಇದನ್ನು ತೋರಿಸಿದರು. ಆ ಹಲ್ಲುಗಳ ಬುಡದಲ್ಲಿ ಚೂಪಾದ ಮೂಲೆ ಇಲ್ಲ, ದುಂಡಗೆ ತುಂಬಿದೆ. ನಾವು ಗೇರ್ ಮಾಡುವಾಗ ಫಿಲೆಟ್ ಕೊಡುತ್ತೇವಲ್ಲ, ಅದೇ. ಚೂಪು ಮೂಲೆಯಲ್ಲಿ ಸ್ಟ್ರೆಸ್ (ವಸ್ತುವಿನೊಳಗಿನ ಒತ್ತಡ) ಬಂದು ಗುಂಪುಗೂಡುತ್ತದೆ, ಬಿರುಕು ಅಲ್ಲಿಂದಲೇ ಶುರು.

ಇನ್ನೂ ಒಂದು ವಿಷಯ ಇದೆ. ಆ ಕೀಟ ಕೊನೆಯ ಸಲ ಪೊರೆ ಕಳಚಿ ದೊಡ್ಡದಾದಾಗ ಗೇರ್‌ಗಳು ಹೋಗಿಬಿಡುತ್ತವೆ! ಅಧ್ಯಯನ ಮಾಡಿದವರು ಕೊಡುವ ಒಂದು ವಿವರಣೆ ಹೀಗಿದೆ: ಮರಿಯಾಗಿದ್ದಾಗ ಒಂದು ಹಲ್ಲು ಮುರಿದರೆ ಮುಂದಿನ ಪೊರೆಯ ಜೊತೆ ಹೊಸ ಗೇರ್ ಬರುತ್ತದೆ. ದೊಡ್ಡದಾದ ಮೇಲೆ ಪೊರೆ ಕಳಚುವುದಿಲ್ಲ, ಅಂದರೆ ರಿಪೇರಿ ಇಲ್ಲ. ರಿಪೇರಿ ಇಲ್ಲದ ಕಡೆ ಹಲ್ಲು ಇಟ್ಟುಕೊಳ್ಳುವುದು ಅಪಾಯ. ಈ 'ರಿಪೇರಿ' ಅನ್ನುವುದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ತೋಳಿನ ವಿಷಯದಲ್ಲಿ ಬೇಕಾಗುತ್ತದೆ.

ಈಗ ನಿಮ್ಮ ಗೈಡ್ ಹೇಳಿದ ಮಾತು. ಪ್ರಕೃತಿ ಅತ್ಯುತ್ತಮವಾದದ್ದನ್ನು ಹುಡುಕುವುದಿಲ್ಲ. ಇದ್ದುದರಲ್ಲಿ ಸ್ವಲ್ಪ ಚೆನ್ನಾಗಿ ಬದುಕಿ ಮರಿ ಹಾಕಿದ್ದು ಉಳಿಯುತ್ತದೆ, ಅಷ್ಟೆ. ಹಳೆಯ ನಕ್ಷೆ ಹರಿದು ಹೊಸದು ಬರೆಯುವ ಅವಕಾಶ ಅದಕ್ಕಿಲ್ಲ. ಗಂಟಲಿನ ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರ ಮಿದುಳಿನಿಂದ ಎದೆಯ ತನಕ ಇಳಿದು, ಹೃದಯದ ಹತ್ತಿರದ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡು, ಮತ್ತೆ ಮೇಲೆ ಬರುತ್ತದೆ. ಜಿರಾಫೆಯಲ್ಲಿ ಈ ಸುತ್ತು ಹಲವು ಮೀಟರ್ ಉದ್ದ. ಮೀನಿನಂಥ ಪೂರ್ವಜರಲ್ಲಿ ಅದು ನೇರದಾರಿಯೇ ಆಗಿತ್ತು. ಕುತ್ತಿಗೆ ಉದ್ದವಾಗುತ್ತಾ ಹೋಯಿತು, ನರವೂ ಎಳೆದುಕೊಳ್ಳುತ್ತಾ ಹೋಯಿತು. ನಿಮ್ಮ ಡ್ರೋನಿನಲ್ಲಿ ಯಾರಾದರೂ ವೈರನ್ನು ಹೀಗೆ ಎಳೆದಿದ್ದರೆ ನಿಮ್ಮ ಗೈಡೇ ಬಿಚ್ಚಿಸುತ್ತಿದ್ದರು.

ಆಮೇಲೆ ಐಫೆಲ್ ಗೋಪುರದ ಕಥೆ. ನೀವು ಕೇಳಿರಲಿಲ್ಲ, ಆದರೆ ಇಂಥ ರಿಪೋರ್ಟುಗಳಲ್ಲಿ ಅದು ಬಂದೇ ಬರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ತೊಡೆಮೂಳೆ ನೋಡಿ ಗೋಪುರ ಕಟ್ಟಿದರು ಅನ್ನುತ್ತಾರೆ. ನಡೆದದ್ದು ಬೇರೆ. 1860ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ಹರ್ಮನ್ ಫಾನ್ ಮೇಯರ್ ಎಂಬ ಅಂಗರಚನಾ ತಜ್ಞರು ತೊಡೆಮೂಳೆಯ ಮೇಲ್ಭಾಗವನ್ನು ಸೀಳಿ ಒಳಗಿನ ಜಾಲದ ಚಿತ್ರ ತೋರಿಸಿದರು. ಅದನ್ನು ನೋಡಿದ ಕಾರ್ಲ್ ಕುಲ್ಮನ್ ಎಂಬ ಎಂಜಿನಿಯರಿಗೆ ತಾವು ಕ್ರೇನಿಗೆ ಬರೆದಿದ್ದ ಬಲದ ಗೆರೆಗಳೇ ಕಂಡವು. ಈ ಹೋಲಿಕೆಯಿಂದ ಮುಂದುವರಿದು ಜೂಲಿಯಸ್ ವೋಲ್ಫ್ 1892ರಲ್ಲಿ, ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ ಅಂತ ವಾದಿಸಿದರು. ಗೋಪುರದ ಮೊದಲ ನಕ್ಷೆ ಬರೆದ ಮಾರಿಸ್ ಕೆಕ್ಲನ್ ಕುಲ್ಮನ್ ಅವರ ಶಿಷ್ಯರಾಗಿದ್ದರು, ಅಷ್ಟು ಸಂಬಂಧ ಇದೆ. ಆದರೆ 1889ರಲ್ಲಿ ಎದ್ದುನಿಂತ ಆ ಗೋಪುರದ ಬಾಗಿದ ಆಕಾರ ಬಂದದ್ದು ಗಾಳಿಯ ಲೆಕ್ಕದಿಂದ, ಮೂಳೆಯಿಂದಲ್ಲ. ಹೋಲಿಕೆ ಕಂಡ ಕಡೆಯೆಲ್ಲ ನಕಲು ಹುಡುಕಬೇಡಿ.

ಅಳತೆ ಬದಲಾದರೆ ಸೂತ್ರದ ಬೆಲೆಯೂ ಬದಲಾಗುತ್ತದೆ. ಗೆಲಿಲಿಯೋ 1638ರಲ್ಲೇ ಇದನ್ನು ಮೂಳೆಯ ಚಿತ್ರ ಬರೆದು ತೋರಿಸಿದ್ದರು. ಎಲ್ಲ ಅಳತೆಯನ್ನೂ ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟು ಆಗುತ್ತದೆ, ಅದನ್ನು ಹೊರುವ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟು ಮಾತ್ರ. ಗೋಡೆ ಹತ್ತುವ ಹಲ್ಲಿಯ ಕಾಲಿನ ವಿಷಯವೂ ಇದೇ. ಅಂಟುವ ಶಕ್ತಿ ವಿಸ್ತೀರ್ಣದ ಜೊತೆ ಬೆಳೆಯುತ್ತದೆ, ತೂಕ ಗಾತ್ರದ ಜೊತೆ. ಮನುಷ್ಯ ಅದೇ ರೀತಿ ಹತ್ತಬೇಕಾದರೆ ಮೈಯ ಸುಮಾರು 40 ಶೇಕಡಾ ಅಂಟುವ ಪಾದವೇ ಆಗಿರಬೇಕು ಅಂತ 2016ರ ಒಂದು ಅಧ್ಯಯನದ ಲೆಕ್ಕ.

ಇಷ್ಟು ಇಟ್ಟುಕೊಂಡು ನಿಮ್ಮ ತೋಳಿಗೆ ಬರೋಣ. ಫೋಟೋ ಇಲ್ಲದೆ ಖಚಿತವಾಗಿ ಹೇಳಲಾಗುವುದಿಲ್ಲ, ಆದರೆ ಬುಡದಲ್ಲೇ, ಕೆಲವು ವಾರಗಳ ನಂತರ, ಒಂದು ಹಾರುತ್ತಿರುವಾಗಲೇ ಅಂದಿರಲ್ಲ, ಅದು ಸಾಕಷ್ಟು ಹೇಳುತ್ತದೆ.

ಸಾಫ್ಟ್‌ವೇರಿಗೆ ನೀವು ಬಹುಶಃ ಒಂದೇ ಲೋಡ್ ಕೊಟ್ಟಿದ್ದೀರಿ, ಮೋಟಾರ್ ಮೇಲಕ್ಕೆ ಎಳೆಯುವುದು. ಮತ್ತೆ 'ಇಷ್ಟು ವಸ್ತುವಿನಲ್ಲಿ ಆದಷ್ಟು ಗಡುಸಾಗಿರಲಿ' ಅಂತ ಕೇಳಿದ್ದೀರಿ, ಯಾಕೆಂದರೆ ಸಾಮಾನ್ಯವಾಗಿ ಈ ಪ್ರೋಗ್ರಾಮುಗಳ ಮಾಮೂಲಿ ಆಯ್ಕೆ ಅದೇ. ಅದು ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಿದೆ. ಇಳಿಯುವಾಗ ಬಲ ತಿರುಗಾಮುರುಗಾ ಆಗುತ್ತದೆ, ಮೋಟಾರ್ ತೋಳನ್ನು ತಿರುಚುತ್ತದೆ, ಬದಿಯಿಂದ ಗಾಳಿ ಹೊಡೆಯುತ್ತದೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಕೇಳದ ಲೋಡಿಗೆ ಅದು ಒಂದು ಗ್ರಾಂ ಕೂಡ ಇಡುವುದಿಲ್ಲ. ಮೂಳೆ ಹಾಗಲ್ಲ. ನಡೆಯುವುದು, ಓಡುವುದು, ಎಡವುವುದು, ಎಲ್ಲವನ್ನೂ ದಿನವೂ ಅನುಭವಿಸಿಕೊಂಡೇ ಅದು ಬೆಳೆದಿರುತ್ತದೆ. ಓಡುವ, ನೆಗೆಯುವ ಪ್ರಾಣಿಗಳ ಕಾಲಿನ ಮೂಳೆಗಳು ಬೀಳುವ ದೊಡ್ಡ ಭಾರದ ಸುಮಾರು ಎರಡರಿಂದ ನಾಲ್ಕು ಪಟ್ಟು ತಡೆಯುವಷ್ಟು ಗಟ್ಟಿ ಇರುತ್ತವೆ. ನಿಮ್ಮ ಲೆಕ್ಕದಲ್ಲಿ ಸೇಫ್ಟಿ ಫ್ಯಾಕ್ಟರ್ ಎಷ್ಟಿತ್ತು, ಅದೂ ಯಾವ ಲೋಡಿಗೆ ಅಂತ ಒಮ್ಮೆ ನೋಡಿ.

ಎರಡನೆಯದು ಪ್ರಿಂಟ್. ಪದರದ ಮೇಲೆ ಪದರ ಹಾಕಿ ಮಾಡಿದ ಭಾಗ ಪದರಗಳ ನಡುವೆ ಬಲಹೀನ. ಸಾಫ್ಟ್‌ವೇರ್ ಮಾತ್ರ ಎಲ್ಲ ದಿಕ್ಕಿಗೂ ಒಂದೇ ಬಲ ಅಂದುಕೊಂಡಿರುತ್ತದೆ. ಮೂಳೆಯೊಳಗಿನ ನಾರುಗಳು ಬಹುಪಾಲು ಭಾರದ ದಿಕ್ಕಿಗೇ ಸಾಗಿರುತ್ತವೆ. ನಿಮ್ಮ ಪದರಗಳು ತೋಳಿಗೆ ಅಡ್ಡಲಾಗಿ ಕೂತಿದ್ದರೆ, ಆಕಾರ ಮೂಳೆಯದಾದರೂ ವಸ್ತು ಮೂಳೆಗೆ ತದ್ವಿರುದ್ಧ. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಚಪ್ಪಟೆಯಾಗಿ, ನುಣುಪಾಗಿ, ಸಮಾನಾಂತರ ಗೆರೆಗಳೊಂದಿಗೆ ಬಿಟ್ಟುಕೊಂಡಿದ್ದರೆ ಪದರವೇ ಕಿತ್ತುಬಂದಿದೆ. ಬಿಳಿಚಿಕೊಂಡು, ಎಳೆದ ಹಾಗೆ, ಒರಟಾಗಿದ್ದರೆ ಒಂದೇ ಏಟಿಗೆ ಭಾರ ಜಾಸ್ತಿಯಾಗಿ ಹೋಗಿದೆ. ಒಂದು ಮೂಲೆಯಿಂದ ಶುರುವಾಗಿ ನಯವಾದ ಭಾಗ, ಆಮೇಲೆ ಉಳಿದದ್ದು ಒರಟು ಅಂತಿದ್ದರೆ ಬಿರುಕು ಸ್ವಲ್ಪಸ್ವಲ್ಪವೇ ಬೆಳೆದು ಬಂದಿದೆ, ಅಂದರೆ ಫಟೀಗ್. ಇಳಿಯುವಾಗ ಮುರಿದದ್ದು ಮತ್ತು ಹಾರುವಾಗ ಮುರಿದದ್ದು, ಎರಡರ ಮುಖವೂ ಒಂದೇ ಥರ ಇರಬೇಕಂತಿಲ್ಲ, ಬೇರೆಬೇರೆಯಾಗಿ ನೋಡಿ.

ನನಗೆ ಜಾಸ್ತಿ ಅನುಮಾನ ಫಟೀಗ್ ಮೇಲೆಯೇ. ಮೋಟಾರ್ ನಿಮಿಷಕ್ಕೆ 6000 ಸುತ್ತು ಅಂತಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 100. ಪ್ರೊಪೆಲ್ಲರ್ ಒಂದು ಚೂರು ತೂಕ ತಪ್ಪಿದ್ದರೂ ಪ್ರತಿ ಸುತ್ತಿಗೂ ತೋಳಿಗೆ ಒಂದು ಅಲುಗಾಟ. ಹತ್ತು ನಿಮಿಷ ಹಾರಿಸಿದರೆ 60,000 ಸಲ. ಕೆಲವೇ ದಿನಗಳಲ್ಲಿ ಲಕ್ಷಗಳು ದಾಟುತ್ತವೆ. ಜಾಲದ ಆಕಾರದಲ್ಲಿ ಸಂದುಗಳು ಎಷ್ಟಿವೆ ನೋಡಿ, ಪ್ರತಿ ಸಂದೂ ಬಿರುಕಿಗೆ ಒಂದು ಅವಕಾಶ. ತೋಳಿನ ಬುಡದಲ್ಲಿ ಬಾಗುವ ಬಲ ಎಲ್ಲಕ್ಕಿಂತ ಜಾಸ್ತಿ. ಅಲ್ಲಿ ಬೋಲ್ಟಿಗೆ ತೂತನ್ನೂ ಕೊರೆದಿರುತ್ತೀರಿ. ಎಳೆತಕ್ಕೆ ಸಿಕ್ಕ ಅಗಲವಾದ ತಗಡಿನಲ್ಲಿ ಒಂದು ದುಂಡು ತೂತು ಇದ್ದರೆ ಅದರ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟಾಗುತ್ತದೆ.

ಮೂಳೆಗೂ ಫಟೀಗ್ ಆಗುತ್ತದೆ. ಅದರಲ್ಲೂ ಸಣ್ಣಸಣ್ಣ ಬಿರುಕು ಬೀಳುತ್ತಲೇ ಇರುತ್ತವೆ. ಆದರೆ ಒಂದು ಬಗೆಯ ಜೀವಕೋಶ ಹಾಳಾದದ್ದನ್ನು ಕರಗಿಸುತ್ತದೆ, ಇನ್ನೊಂದು ಬಗೆಯದು ಹೊಸದಾಗಿ ಕಟ್ಟುತ್ತದೆ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು 10 ಶೇಕಡಾ ಹೀಗೆ ಹೊಸದಾಗುತ್ತದೆ. ದಿಢೀರನೆ ಓಟ ಜಾಸ್ತಿ ಮಾಡಿದ ಓಟಗಾರರಿಗೆ, ಹೊಸದಾಗಿ ತರಬೇತಿಗೆ ಸೇರಿದ ಸೈನಿಕರಿಗೆ ಬೀಳದೆ, ಏಟಾಗದೆಯೇ ಕಾಲಿನ ಮೂಳೆ ಬಿರುಕು ಬಿಡುವುದುಂಟು. ರಿಪೇರಿಗಿಂತ ವೇಗವಾಗಿ ಹಾನಿ ಆಗಿರುತ್ತದೆ. ಮೂಳೆಯ ತೆಳು ಜಾಲ ಉಳಿದಿರುವುದು ಆಕಾರದಿಂದ ಮಾತ್ರ ಅಲ್ಲ, ಹಿಂದೆ ನಿಂತಿರುವ ಆ ರಿಪೇರಿಯಿಂದ. ನೀವು ಆಕಾರ ತಂದಿರಿ, ರಿಪೇರಿ ತರಲಿಲ್ಲ. ತರಲು ಆಗುತ್ತಲೂ ಇರಲಿಲ್ಲ. ಹಾಗಾಗಿ ಆ ಆಕಾರವನ್ನು ಅಷ್ಟೇ ತೆಳುವಾಗಿ ಇಟ್ಟುಕೊಳ್ಳುವ ಹಕ್ಕು ನಿಮ್ಮ ಪ್ಲಾಸ್ಟಿಕ್‌ಗೆ ಇರಲಿಲ್ಲ.

ಈಗ ದಾರಿಗಳು. ಜಾಲವನ್ನೇ ಉಳಿಸಿಕೊಳ್ಳಬಹುದು. ಹಾಗಾದರೆ ಎಲ್ಲ ಲೋಡುಗಳನ್ನೂ ಸೇರಿಸಿ ಸಾಫ್ಟ್‌ವೇರನ್ನು ಮತ್ತೆ ಓಡಿಸಿ, ಕಡ್ಡಿಗಳಿಗೆ ಕನಿಷ್ಠ ದಪ್ಪ ಕೊಡಿ, ಪ್ರತಿ ಸಂದಿಗೂ ದೊಡ್ಡ ಫಿಲೆಟ್ ಕೊಡಿ, ಪದರಗಳು ತೋಳಿನ ಉದ್ದಕ್ಕೆ ಬರುವ ಹಾಗೆ ಮಲಗಿಸಿ ಪ್ರಿಂಟ್ ಮಾಡಿ. ಬುಡವನ್ನು ಮರದ ಕೊಂಬೆ ಕಾಂಡಕ್ಕೆ ಸೇರುವ ಜಾಗದ ಹಾಗೆ ನಿಧಾನವಾಗಿ ದಪ್ಪವಾಗುತ್ತಾ ಹೋಗುವಂತೆ ಮಾಡಿ. ಮರವೂ ಸ್ಟ್ರೆಸ್ ಜಾಸ್ತಿ ಬಿದ್ದ ಕಡೆ ಹೆಚ್ಚು ಬೆಳೆದು ಅದನ್ನು ಹಂಚುತ್ತದೆ, ಜರ್ಮನಿಯ ವಿಜ್ಞಾನಿ ಕ್ಲೌಸ್ ಮಾಟೆಕ್ ಇದನ್ನೇ ಅಭ್ಯಾಸ ಮಾಡಿ ಯಂತ್ರಭಾಗಗಳ ಮೂಲೆಗಳಿಗೆ ತಂದರು. ತೊಂದರೆ ಏನೆಂದರೆ ಉಳಿಸಿದ ತೂಕದ ದೊಡ್ಡ ಪಾಲು ವಾಪಸ್ ಬರುತ್ತದೆ, ಜೊತೆಗೆ ತೆಳು ಕಡ್ಡಿಯೊಳಗೆ ಪ್ರಿಂಟಿನ ಒಂದು ಗುಳ್ಳೆ ಇದ್ದರೂ ಹೊರಗೆ ಗೊತ್ತಾಗುವುದಿಲ್ಲ.

ನನ್ನ ಕೈಯಲ್ಲಿದ್ದರೆ ನಾನು ಕೊಳವೆಗೆ ಹೋಗುತ್ತೇನೆ. ಕಾರ್ಬನ್ ಫೈಬರ್ ಅಥವಾ ಅಲ್ಯೂಮಿನಿಯಂ ಕೊಳವೆ, ಎರಡು ತುದಿಗೆ ಪ್ರಿಂಟ್ ಮಾಡಿದ ಹಿಡಿಕೆಗಳು. ಬಾಗುವುದಕ್ಕೂ ತಿರುಚುವುದಕ್ಕೂ ಒಟ್ಟಿಗೆ ಒಳ್ಳೆಯದು, ಸಂದುಗಳು ಕಡಿಮೆ. ನೋಡಲು ಮೂಳೆಯ ಹಾಗೆ ಇರುವುದಿಲ್ಲ, ಆದರೆ ಮೂಳೆಯ ನಡುಭಾಗ ಕಲಿಸುವ ಪಾಠ ಇದರಲ್ಲೇ ಜಾಸ್ತಿ ಇದೆ. ಹಿಡಿಕೆ ಬಿಗಿ ಮಾಡುವಾಗ ತೆಳು ಗೋಡೆ ನಜ್ಜುವ ಅಪಾಯ ಇದೆ, ಒಳಗೆ ಒಂದು ತುಂಬು ಇಡಿ. ಕಾರ್ಬನ್ ಕೊಳವೆಗೆ ತೂತು ಕೊರೆಯಬೇಡಿ. ಅದು ಅಲ್ಯೂಮಿನಿಯಂ ಹಾಗೆ ಬಾಗಿ ಎಚ್ಚರಿಸುವುದಿಲ್ಲ, ಮುರಿದರೆ ಒಂದೇ ಸಲಕ್ಕೆ ಮುರಿಯುತ್ತದೆ.

ಬಳುಕಿಸುವ ಯೋಚನೆಯೂ ಬರಬಹುದು. ಹುಲ್ಲು, ಎಲೆ ಎಲ್ಲ ಗಾಳಿಗೆ ಬಾಗಿಯೇ ಬದುಕುತ್ತವೆ ಅಲ್ವಾ? ಸರಿ, ಆದರೆ ತೋಳಲ್ಲಿ ಬೇಡ. ತೋಳು ಬಳುಕಿದರೆ ಅದರ ಕಂಪನ ಡ್ರೋನಿನ ಗೈರೋಗೆ (ತಿರುಗುವುದನ್ನು ಅಳೆಯುವ ಸೆನ್ಸರಿಗೆ) ತಲುಪುತ್ತದೆ, ನಿಜವಾಗಿ ಇಲ್ಲದ ಚಲನೆಯನ್ನು ಕಂಟ್ರೋಲರ್ ಸರಿ ಮಾಡಲು ಹೊರಡುತ್ತದೆ, ಹಾರಾಟ ಕೆಡುತ್ತದೆ. ಬಳುಕನ್ನು ಇಳಿಯುವ ಕಾಲುಗಳಿಗೆ ಕೊಡಿ. ಇಳಿಯುವ ಏಟು ತೋಳಿನ ಬುಡದ ತನಕ ಬರುವುದೇ ಕಡಿಮೆಯಾಗುತ್ತದೆ. ಹಲ್ಲಿಯ ಬಾಲದಲ್ಲಿ ಮೊದಲೇ ಬಿಟ್ಟುಕೊಳ್ಳಲು ನಿಗದಿಯಾದ ಜಾಗ ಇದೆಯಲ್ಲ, ಅಂಥದ್ದೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಯಂತ್ರಗಳಲ್ಲಿ ಅದು ಶಿಯರ್ ಪಿನ್, ಅಂದರೆ ಬೇಕೆಂದೇ ಮೊದಲು ಮುರಿಯಲು ಇಟ್ಟ ಪಿನ್. ಕಾಲನ್ನು ನೈಲಾನ್ ಬೋಲ್ಟಿನಲ್ಲಿ ಕೂರಿಸಿದರೆ ಜೋರಾಗಿ ಇಳಿದಾಗ ಬೋಲ್ಟ್ ಹೋಗುತ್ತದೆ, ಫ್ರೇಮ್ ಉಳಿಯುತ್ತದೆ. ತೋಳಿಗೆ ಮಾತ್ರ ಇದನ್ನು ಮಾಡಬೇಡಿ.

ಯಾವ ದಾರಿ ಹಿಡಿದರೂ ಕಾಣೆಯಾದ ರಿಪೇರಿಯ ಬದಲಿಗೆ ಏನಾದರೂ ಬೇಕು, ಅದು ನೀವೇ ಆಗಬೇಕು. ಇಷ್ಟು ಗಂಟೆ ಹಾರಿದ ಮೇಲೆ ತೋಳು ಬದಲಾಯಿಸುತ್ತೇವೆ ಅಂತ ಗೊತ್ತು ಮಾಡಿಕೊಳ್ಳಿ. ವಿಮಾನಗಳಲ್ಲೂ ಹಲವು ಭಾಗಗಳಿಗೆ ಹೀಗೇ ಆಯುಸ್ಸು ಬರೆದಿಟ್ಟಿರುತ್ತಾರೆ. ಪ್ರೊಪೆಲ್ಲರುಗಳ ತೂಕ ಸರಿ ಮಾಡುವುದನ್ನೂ ಬಿಡಬೇಡಿ, ಖರ್ಚೇ ಇಲ್ಲದೆ ಆಯುಸ್ಸು ಹೆಚ್ಚಿಸುವ ಕೆಲಸ ಅದು.

ಎಷ್ಟು ಗಂಟೆ ಅನ್ನುವುದನ್ನು ಊಹೆ ಮಾಡಬೇಡಿ, ಪರೀಕ್ಷೆ ಮಾಡಿ. ತೋಳಿನ ಬುಡವನ್ನು ಬೆಂಚಿಗೆ ಬಿಗಿದು, ಮೋಟಾರಿನ ಜಾಗಕ್ಕೆ ಅದರ ಗರಿಷ್ಠ ಎಳೆತದ ಮೂರು ಪಟ್ಟು ತೂಕ ನೇತುಹಾಕಿ. ಆಮೇಲೆ ತೋಳನ್ನು ಮಗುಚಿ ಹಾಕಿ ಇನ್ನೊಂದು ದಿಕ್ಕಿಗೂ ಹಾಗೇ ಮಾಡಿ. ಇದರಲ್ಲಿ ಪಾಸಾದರೆ ಮೋಟಾರ್, ಪ್ರೊಪೆಲ್ಲರ್ ಹಾಕಿ, ಗಟ್ಟಿ ತಡೆಯ ಹಿಂದೆ ನಿಂತು, ಬೆಂಚಿನ ಮೇಲೇ ಗಂಟೆಗಟ್ಟಲೆ ಓಡಿಸಿ. ಪ್ರತಿ ಅರ್ಧ ಗಂಟೆಗೆ ನಿಲ್ಲಿಸಿ, ಬ್ಯಾಟರಿ ಬಿಚ್ಚಿ, ಬುಡವನ್ನು ಭೂತಗನ್ನಡಿಯಲ್ಲಿ ನೋಡಿ. ಪ್ಲಾಸ್ಟಿಕ್ ಆದರೆ ಮೊದಲು ಕಾಣುವುದು ಕೂದಲಿನಷ್ಟು ತೆಳು ಬಿಳಿ ಗೆರೆ. ಅದು ಕಂಡ ಸಮಯವನ್ನು ಬರೆದಿಡಿ, ಇನ್ನೂ ಎರಡು ತೋಳುಗಳಿಗೆ ಇದನ್ನೇ ಮಾಡಿ, ಮೂರರಲ್ಲಿ ಕಡಿಮೆ ಬಂದದ್ದರ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಯಾವ ತೋಳನ್ನೂ ಹಾರಿಸಬೇಡಿ.